ಮರಳಿನ ಮೇಲಿನ ಲೋಳೆ

1892ರ ಆಗಸ್ಟ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ಗೆ ಕಾಲರಾ ಬಡಿಯಿತು. ಕೆಲವು ವಾರಗಳಲ್ಲೇ 8,600ಕ್ಕೂ ಹೆಚ್ಚು ಜನ ಸತ್ತರು. ಹ್ಯಾಂಬರ್ಗ್‌ಗೆ ಅಂಟಿಕೊಂಡೇ ಇದ್ದ ಆಲ್ಟೊನಾ ಪಟ್ಟಣ ಹೆಚ್ಚುಕಡಿಮೆ ಪಾರಾಯಿತು. ಎರಡೂ ಊರಿನವರು ಕುಡಿಯುತ್ತಿದ್ದದ್ದು ಎಲ್ಬ್ ನದಿಯ ನೀರನ್ನೇ. ಅದರಲ್ಲೂ ಆಲ್ಟೊನಾ ನೀರೆತ್ತುತ್ತಿದ್ದದ್ದು ಹ್ಯಾಂಬರ್ಗ್‌ನ ಚರಂಡಿ ನದಿಗೆ ಸೇರಿದ ಮೇಲೆ, ಕೆಳಗಡೆ. ಆದರೆ ಆಲ್ಟೊನಾದಲ್ಲಿ ನೀರನ್ನು ಮರಳಿನ ತೊಟ್ಟಿಗಳಲ್ಲಿ ಸೋಸಿ ಕೊಡುತ್ತಿದ್ದರು; ಹ್ಯಾಂಬರ್ಗ್‌ನಲ್ಲಿ ಸೋಸದೆ ಬಿಡುತ್ತಿದ್ದರು.

ಮರಳು ಜರಡಿಯ ಹಾಗೆ ರೋಗಾಣುವನ್ನು ತಡೆಯಿತು ಅಂದುಕೊಂಡರೆ ಲೆಕ್ಕ ಕೂಡಿಬರುವುದಿಲ್ಲ. ಕಾಲು ಮಿಲಿಮೀಟರ್ ಹರಳುಗಳ ನಡುವಿನ ಸಂದಿ ಸುಮಾರು 40 ಮೈಕ್ರಾನ್. ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್ ಅಷ್ಟೆ. ಸಲೀಸಾಗಿ ನುಸುಳಿ ಹೋಗಬೇಕಿತ್ತು.

ಗುಟ್ಟಿರುವುದು ಮರಳಿಗೆ ಹತ್ತುವ ಜೀವದಲ್ಲಿ. ತೊಟ್ಟಿಯ ತಳದಲ್ಲಿ ಜಲ್ಲಿ, ಅದರ ಮೇಲೆ ಸುಮಾರು ಒಂದು ಮೀಟರ್ ಸಣ್ಣ ಮರಳು, ಮೇಲೆ ಸದಾ ನಿಂತ ನೀರು. ಗಂಟೆಗೆ 10ರಿಂದ 30 ಸೆಂಟಿಮೀಟರ್ ಮಾತ್ರ ನೀರು ಇಳಿಯುತ್ತದೆ. ದಿನ ಕಳೆದಂತೆ ಮರಳಿನ ಮೇಲೆ ಪಾಚಿ, ಹೂಳು, ಬ್ಯಾಕ್ಟೀರಿಯಾ ಸೇರಿ ಕಂದು ಲೋಳೆಯ ಪದರ ಕಟ್ಟುತ್ತದೆ. ಅಲ್ಲಿ ನೆಲೆಸಿದ ಏಕಕೋಶಜೀವಿಗಳು ಹೊಸದಾಗಿ ಬಂದ ಬ್ಯಾಕ್ಟೀರಿಯಾವನ್ನು ತಿಂದುಹಾಕುತ್ತವೆ. ತಪ್ಪಿಸಿಕೊಂಡವು ಕೆಳಗಿನ ಹರಳುಗಳ ಅಂಟಿಗೆ ಸಿಕ್ಕಿಬೀಳುತ್ತವೆ. ಒಂದು ಘನಮೀಟರ್ ಮರಳಿನ ಹರಳುಗಳ ಮೇಲ್ಮೈಯನ್ನೆಲ್ಲ ಕೂಡಿಸಿದರೆ ಸುಮಾರು ಮೂರೂವರೆ ಎಕರೆ! ಎಲ್ಲೂ ತಾಗದೆ ಇಳಿಯುವುದು ಕಷ್ಟ. ಹಾಗೂ ಇಳಿದ ಬ್ಯಾಕ್ಟೀರಿಯಾ ಇನ್ನೂ ಆಳದಲ್ಲಿ ಆಹಾರ ಸಿಗದೆ ಸಾಯುತ್ತವೆ.

ಪಂಪು, ಔಷಧಿಯ ಹಂಗು ಹೆಚ್ಚಿಲ್ಲದ ಈ ಕ್ರಮದ ಮೇಲೆ ನನಗೆ ಬಹಳ ಗೌರವ. ಆದರೆ ಕರಗಿದ ಫ್ಲೋರೈಡನ್ನು ಇದು ತೆಗೆಯದು. ಫ್ಲೋರೈಡ್ ಹೆಚ್ಚಿರುವ ಪಾವಗಡದ ಬೋರ್‌ವೆಲ್ ನೀರಿಗೆ ಬೇರೆ ದಾರಿಯೇ ಬೇಕು.

ಚೆನ್ನಾಗಿ ತೊಳೆದು ಹಾಕಿದ ಹೊಸ ಮರಳು ಮೊದಮೊದಲು ಅಷ್ಟಾಗಿ ಸೋಸುವುದಿಲ್ಲ; ಲೋಳೆ ಕಟ್ಟಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಪದರ ದಪ್ಪವಾಗಿ ನೀರಿಳಿಯದಾದಾಗ ಮೇಲಿನ ಒಂದೆರಡು ಸೆಂಟಿಮೀಟರ್ ಕೆರೆದು ತೆಗೆಯುತ್ತಾರೆ. ಅಪಾಯದ ಹೊತ್ತು ಅದೇ. 1893ರ ಚಳಿಗಾಲದಲ್ಲಿ ಆಲ್ಟೊನಾದಲ್ಲೂ ಕಾಲರಾ ತಲೆಯೆತ್ತಿತು. ಹೀಗೆ ಕೆರೆಯುವಾಗ ಒಂದು ತೊಟ್ಟಿಯ ಮರಳು ಚಳಿಗೆ ಹೆಪ್ಪುಗಟ್ಟಿ, ಸರಿಯಾಗಿ ಸೋಸದಾಗಿತ್ತೆಂದು ವಿಜ್ಞಾನಿ ರಾಬರ್ಟ್ ಕಾಕ್ ಕಂಡುಕೊಂಡರು. ಎಲ್ಲ ತೊಟ್ಟಿಗಳ ನೀರು ಬೆರೆತ ಮೇಲೆ ಪರೀಕ್ಷಿಸಿದರೆ ಸಾಲದು, ಒಂದೊಂದು ತೊಟ್ಟಿಯ ನೀರನ್ನೂ ದಿನಾ ಬೇರೆಬೇರೆಯಾಗಿ ನೋಡಬೇಕು, ಮಿಲಿಲೀಟರಿಗೆ 100ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಕಂಡರೆ ಆ ನೀರನ್ನು ಊರಿಗೆ ಬಿಡಕೂಡದು ಎಂದು ಅವರು ಪಟ್ಟುಹಿಡಿದರು.