ಪರದೆ ಮಿನುಗಿದರೆ ತಪ್ಪು ಯಾರದು?

ಮಕ್ಕಳೇ, ತೇನಿ ಜಿಲ್ಲೆಯ ಆಂಡಿಪಟ್ಟಿ ಕಡೆ ಗಾಳಿಯಂತ್ರಗಳು ಕಾಣುತ್ತವೆ. ಮೂರು ರೆಕ್ಕೆಯ ಯಂತ್ರ ನಿಮಿಷಕ್ಕೆ 20 ಸುತ್ತು ತಿರುಗಿದರೆ ನೆರಳು ಸೆಕೆಂಡಿಗೊಮ್ಮೆ ಹಾದುಹೋಗುತ್ತದೆ, ಕಣ್ಣಿಗೆ ಗೊತ್ತಾಗುತ್ತೆ. ಸಾಮಾನ್ಯ ಕಂಪ್ಯೂಟರ್ ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, ಅದು ಗೊತ್ತಾಗಲ್ಲ.

ಗೇಮ್ ಆಡುವಾಗ ಪರದೆ ಮಿನುಗಿದ ಕೂಡಲೇ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿತು ಅನ್ನಬೇಡಿ. ಹೊಸದಕ್ಕೆ ಸಾವಿರಾರು ರೂಪಾಯಿ! ಮೊದಲು ಕೇಬಲ್ ಸರಿಯಾಗಿ ಕೂತಿದೆಯಾ ನೋಡಿ. ಬೇರೆ ಕೇಬಲ್ ಹಾಕಿ ನೋಡಿ. ವಿಂಡೋಸ್ ಶುರುವಾಗುವ ಮೊದಲೇ ಮಿನುಗಿದರೆ ಕೇಬಲ್, ಮಾನಿಟರ್ ಅಥವಾ ಕಾರ್ಡ್ ಮೇಲೆ ಅನುಮಾನ. ಆಮೇಲೆ ಮಾತ್ರ ಮಿನುಗಿದರೆ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದೂ ಮಿನುಗಿದರೆ ಡ್ರೈವರ್ ಬದಲಿಸಿ ನೋಡಿ. ಅದೊಂದು ಮಿನುಗದಿದ್ದರೆ ಯಾವುದೋ ಆ್ಯಪ್‌ನ ಕಾಟ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ತಪ್ಪು ಯಾರದು ಅಂತ ತಿಳಿಯುವುದು ಹೇಗೆ?