ದಿಂಡಿಗಲ್‌ನಿಂದ ತೇಣಿಗೆ: ದಾರಿಯಲ್ಲಿ ಹಿಗ್ಗುವ ಬೆಳಕು

ತೇಣಿ ಜಿಲ್ಲೆಯ ಬೋಡಿನಾಯಕನೂರಿನಲ್ಲಿ ಸಾಂಬಾರ ಮಂಡಳಿಯ ಏಲಕ್ಕಿ ಹರಾಜು ಈಗ ನಡೆಯುವುದು ಕಂಪ್ಯೂಟರ್ ಪರದೆಯ ಮೇಲೆ. ಪಕ್ಕದ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕಪ್ಪಿಲಿಯರ ಊರುಗಳಿವೆ. ತಮಿಳುನಾಡಿನ 12,525 ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಯಲ್ಲಿ ಇಂಥ ಊರುಗಳೂ ಸೇರುತ್ತವೆ. ಫೈಬರ್ ಎಂದೊಡನೆ ಎಲ್ಲರೂ ಕೇಳುವುದು, ತುದಿಯಲ್ಲಿ ಬೆಳಕು ಎಷ್ಟು ಉಳಿಯಿತು ಎಂದು. ಅದು ಎಷ್ಟು ಹಿಗ್ಗಿತು ಎಂದು ಕೇಳುವವರು ಕಡಿಮೆ.

ದಿಂಡಿಗಲ್‌ನಿಂದ ತೇಣಿಗೆ ರಸ್ತೆಯಲ್ಲಿ ಸುಮಾರು 75 ಕಿ.ಮೀ. ಅಷ್ಟುದ್ದ ಸಾಮಾನ್ಯ ಫೈಬರ್ ಎಳೆದರೆ 1550 ನ್ಯಾನೊಮೀಟರ್ ಬೆಳಕು ಸುಮಾರು 15 ಡೆಸಿಬಲ್ ಕುಗ್ಗುತ್ತದೆ. ಆಂಪ್ಲಿಫೈಯರ್ ಇಟ್ಟರೆ ಆ ನಷ್ಟ ತುಂಬುತ್ತದೆ. ಬೆಳಕಿನ ಮಿಡಿತ ಹಿಗ್ಗುವುದು, ಅಂದರೆ ಡಿಸ್ಪರ್ಷನ್, ಹಾಗಲ್ಲ. ಒಂದೊಂದು ಮಿಡಿತದಲ್ಲೂ ತುಸು ಬೇರೆಬೇರೆ ತರಂಗಾಂತರಗಳಿರುತ್ತವೆ. ಗಾಜಿನೊಳಗೆ ಅವುಗಳ ವೇಗ ಒಂದೇ ಅಲ್ಲ. ಒಂದು ನ್ಯಾನೊಮೀಟರ್ ವ್ಯತ್ಯಾಸಕ್ಕೆ ಪ್ರತಿ ಕಿಲೋಮೀಟರಿಗೆ ಸುಮಾರು 17 ಪಿಕೊಸೆಕೆಂಡು ಅಂತರ ಬೀಳುತ್ತದೆ.

ಸೆಕೆಂಡಿಗೆ 2.5 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್‌ಗೆ 400 ಪಿಕೊಸೆಕೆಂಡು ಜಾಗ. ಮಿಡಿತದ ತರಂಗಾಂತರಗಳ ಹರವು ನ್ಯಾನೊಮೀಟರಿನ ಸಣ್ಣ ಪಾಲಷ್ಟೇ, ಹಾಗಾಗಿ ತೇಣಿ ತಲುಪುವಾಗ ಹಿಗ್ಗುವುದು ಅಂದಾಜು 25 ಪಿಕೊಸೆಕೆಂಡು. ತೊಂದರೆಯಿಲ್ಲ. 10 ಗಿಗಾಬಿಟ್‌ಗೆ ಏರಿಸಿದರೆ ಜಾಗ 100ಕ್ಕೆ ಇಳಿಯುತ್ತದೆ; ಮಿಡಿತ ಗಿಡ್ಡವಾದಷ್ಟೂ ಅದರ ತರಂಗಾಂತರಗಳ ಹರವು ಹೆಚ್ಚುವುದರಿಂದ ಹಿಗ್ಗುವಿಕೆ ಹೆಚ್ಚುಕಡಿಮೆ 100ಕ್ಕೇ ಏರುತ್ತದೆ. ವೇಗ ನಾಲ್ಕು ಪಟ್ಟಾದರೆ ಪೆಟ್ಟು ಹದಿನಾರು ಪಟ್ಟು! ‘ಒಂದು’ ಪಕ್ಕದ ‘ಸೊನ್ನೆ’ಯ ಜಾಗಕ್ಕೆ ಚಾಚುತ್ತದೆ, ಗ್ರಾಹಕ ಯಂತ್ರ ತಪ್ಪಾಗಿ ಓದುತ್ತದೆ. ಆಂಪ್ಲಿಫೈಯರ್ ಈ ಕಲಸುಮೇಲೋಗರವನ್ನೇ ದೊಡ್ಡದು ಮಾಡಿ ಕೊಡುತ್ತದೆ.

ಹಳೆಯ ಪರಿಹಾರವೆಂದರೆ ವಿರುದ್ಧ ಗುಣದ ಫೈಬರ್ ಸುರುಳಿಯೊಂದನ್ನು ನಡುವೆ ಸೇರಿಸುವುದು. ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಹೊಸ ದಾರಿ. ಸಾದಾ ಫೋಟೊಡಯೋಡ್ ಬೆಳಕಿನ ತೀವ್ರತೆಯನ್ನಷ್ಟೇ ಅಳೆಯುತ್ತದೆ, ಅಲೆಯ ಫೇಸ್, ಅಂದರೆ ಅದರ ಏರಿಳಿತದ ಹಂತ, ಅಲ್ಲೇ ಕಳೆದುಹೋಗುತ್ತದೆ. ಕೊಹೆರೆಂಟ್ ಗ್ರಾಹಕವು ತನ್ನದೇ ಲೇಸರ್ ಬೆಳಕನ್ನು ಬಂದ ಬೆಳಕಿನೊಡನೆ ಬೆರೆಸಿ ಫೇಸನ್ನೂ ಹಿಡಿಯುತ್ತದೆ. ಫೇಸ್ ಸಿಕ್ಕರೆ, ಸಾವಿರ ಕಿ.ಮೀ. ಹಿಗ್ಗಿದ್ದನ್ನೂ ಚಿಪ್ ಲೆಕ್ಕ ಹಾಕಿ ಮೊದಲಿನಂತೆ ಮಾಡಬಲ್ಲದು. 2008ರ ಸುಮಾರಿಗೆ ಇದು ಮಾರುಕಟ್ಟೆಗೆ ಬಂತು.

ಪಂಚಾಯಿತಿಯಿಂದ ಮನೆಗೆ ಹೋಗುವ ಗಿಡ್ಡ ಎಳೆಗೆ ಈ ಚಿಂತೆಯಿಲ್ಲ. ಊರೂರು ಜೋಡಿಸುವ ಉದ್ದದ ಹಳೇ ಮಾರ್ಗಗಳದ್ದೇ ಪ್ರಶ್ನೆ. ಫೈಬರ್ ಹಾಗೇ ಇರಲಿ, ತುದಿಯ ಉಪಕರಣ ಬದಲಿಸಿದರೆ ವೇಗ ಬಂದೀತು ಎನ್ನುವವರು ನಷ್ಟದ ವರದಿಯ ಜೊತೆಗೆ ಡಿಸ್ಪರ್ಷನ್ ಅಳತೆಯ ವರದಿಯನ್ನೂ ಮೊದಲು ಮುಂದಿಡಲಿ.