ಚೌಕದ ಕುಂಡಕ್ಕೆ ನಮ್ಮ ಹವೆಯ ಹೂ

ಊರ ಚೌಕದಲ್ಲಿ ಹೂಕುಂಡ ಇಡುವುದು ಸುಲಭ. ಶಿವರಾತ್ರಿ ದಾಟಿದ ಮೇಲೂ ಅದರಲ್ಲಿ ಹೂ ಉಳಿಸುವುದೇ ಕಷ್ಟ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಡಾಂಬರು ಕಾದ ಚೌಕದಲ್ಲಿ ಗಿಡಕ್ಕೆ ಅದಕ್ಕಿಂತ ಹೆಚ್ಚೇ ತಟ್ಟುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬಂದು ಅದೇ ಗಿಡಗಳನ್ನು ಇಲ್ಲಿ ನೆಡಬಾರದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ನಮ್ಮ ಊರುಗಳು ತಗ್ಗಿನಲ್ಲಿವೆ.

ಹಾಗಾಗಿ ವರ್ಷಕ್ಕೆ ಮೂರು ಸಲ ಗಿಡ ಬದಲಿಸುವುದು ಒಳ್ಳೆಯದು. ಮುಂಗಾರಿಗೆ ಗೌರಿ ಹೂ, ಕೋಳಿಜುಟ್ಟು, ಜಿನ್ನಿಯಾ. ಮಹಾನವಮಿಗೆ ಚೆಂಡು ಹೂ ಅರಳಬೇಕಾದರೆ ಜುಲೈ ಮೊದಲಲ್ಲೇ ಬೀಜ ಹಾಕಿ, ಸಸಿಗೆ 25–30 ದಿನ ಆದಾಗ ಕುಂಡಕ್ಕೆ ಇಳಿಸಬೇಕು. ಪೆಟೂನಿಯಾ, ಡಯಾಂಥಸ್ ಚಳಿಗಾಲದವು, ಅಕ್ಟೋಬರಿನಲ್ಲಿ ಸಸಿ ಮಡಿ ತಯಾರಾಗಲಿ. ಬೇಸಿಗೆಗೆ ಹತ್ತು ಗಂಟೆ ಹೂ, ನಿತ್ಯಪುಷ್ಪ, ಕಾಗದದ ಹೂ ಸಾಕು. ನಿತ್ಯಪುಷ್ಪದ ಎಲೆ ಕಹಿ, ಬೀದಿ ಆಡು ದನಗಳು ಅದಕ್ಕೆ ಬಾಯಿ ಹಾಕುವುದಿಲ್ಲ. ಸಂತೆಯ ಊರಿಗೆ ಇದು ಸಣ್ಣ ಗುಣವಲ್ಲ.

ಶಾವಂತಿಗೆಯ ವಿಷಯದಲ್ಲಿ ಎಚ್ಚರ ಬೇಕು. ರಾತ್ರಿ ಉದ್ದವಾದಾಗಲೇ ಅದು ಮೊಗ್ಗು ಕಟ್ಟುತ್ತದೆ. ವೃತ್ತದ ನಡುವೆ ಹೈಮಾಸ್ಟ್ ದೀಪ ರಾತ್ರಿಯಿಡೀ ಉರಿದರೆ ಗಿಡ ಸೊಂಪಾಗಿ ಬೆಳೆದರೂ ಹೂ ತಡವಾಗುತ್ತದೆ, ಬಿಡದೆಯೂ ಇರಬಹುದು. ಅದನ್ನು ದೀಪದಿಂದ ದೂರ, ಗುಡಿಯ ಗೋಡೆಯ ಮರೆಗೆ ಇಡಿ.

ಕುಂಡಕ್ಕೆ ಹೊಲದ ಎರೆಮಣ್ಣು ಬೇಡ. ನೀರು ಕಂಡರೆ ಉಬ್ಬಿ, ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ಕೆಮ್ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಗೊಬ್ಬರ ಒಂದು ಪಾಲು ಬೆರೆಸಬೇಕು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಚೆನ್ನಾಗಿ ಕಳಿತದ್ದಾದರೆ ಅದೇ ಗೊಬ್ಬರ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಸುಡುವ ರವದಿಯನ್ನು ಮೇಲೆ ಎರಡು ಇಂಚು ಹೊದಿಸಿದರೆ ತೇವ ಬೇಗ ಆರದು. ತಳದಲ್ಲಿ ತೂತು ಇರಲೇಬೇಕು.

ಕುಂಡದ ಅಂಚು ಒಂದೂವರೆ ಅಡಿ ಎತ್ತರ, ಒಂದಡಿ ಅಗಲದ ಕಲ್ಲಿನದಾಗಲಿ. ಬಸ್ಸಿಗೆ ಕಾಯುವ ಅಜ್ಜಿಗೆ, ಸಂತೆಯ ಚೀಲ ಇಳಿಸುವವರಿಗೆ ಕೂರಲು ಜಾಗವಾಗುತ್ತದೆ. ಕೂತವರೇ ಗಿಡ ಕಾಯುತ್ತಾರೆ ಎಂದು ನನ್ನ ನಂಬಿಕೆ. ಬಣ್ಣಗಳು ಎರಡೇ ಇರಲಿ, ಬನಹಟ್ಟಿಯ ನೇಕಾರರು ಸೀರೆಯ ಒಡಲಿಗೂ ಅಂಚಿಗೂ ಬಣ್ಣ ಹೊಂದಿಸುವಂತೆ.

ಸಲಹೆಗೆ ದೂರ ಹೋಗಬೇಕಿಲ್ಲ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ. ನಗರಸಭೆ, ಪಟ್ಟಣ ಪಂಚಾಯಿತಿಗಳಿಗೆ ಒಂದೇ ಕೋರಿಕೆ: ಕುಂಡದ ಬೆಲೆಯ ಜೊತೆಗೆ ಒಂದು ವರ್ಷದ ನೀರು ಮತ್ತು ಮಾಲಿಯ ಕೂಲಿಯನ್ನೂ ಟೆಂಡರಿನಲ್ಲಿ ಬರೆಯಿರಿ. ಅದಕ್ಕೆ ಹಣ ಇಲ್ಲದಿದ್ದರೆ ನೂರು ಕುಂಡದ ಬದಲು ಹತ್ತೇ ಕುಂಡ ಇಡಿ.